ಜಲಪಾತದ ಮುಂದಿನ ಹಗ್ಗ

ನಿಸರ್ಗದ ಚೆಲುವು ಮನುಷ್ಯನೊಳಗಿನ ಮೃಗವನ್ನು ಶಾಂತಗೊಳಿಸುತ್ತದೆ ಎಂಬ ವಿಷಯದಲ್ಲಿ ಹಿಂದಿನ ಋಷಿಗಳಿಗೂ ಇಂದಿನ ಎಚ್.ಆರ್. ವಿಭಾಗದವರಿಗೂ ಭಿನ್ನಾಭಿಪ್ರಾಯವಿಲ್ಲ. ನನಗಿದೆ. ಕ್ಯಾಲಿಫೋರ್ನಿಯಾದ ಒಂದು ಜಲಪಾತದ ದೆಸೆಯಿಂದ ನೆತ್ತಿಗೆ ಹನ್ನೊಂದು ಹೊಲಿಗೆ ಹಾಕಿಸಿಕೊಂಡ ಒಬ್ಬನನ್ನು ನಾನು ಬಲ್ಲೆ. ಅದೇ ಜಲಪಾತದ ದೆಸೆಯಿಂದ ನನ್ನ ಮೇಲಿನ ಸಾಲಿನ ಒಂದು ಹಲ್ಲು ಇಂದಿಗೂ ಕಟ್ಟಿಸಿದ್ದು. ನಾವಿಬ್ಬರೂ ಕ್ಯಾಲಿಫೋರ್ನಿಯಾಕ್ಕೆ ಹೋದವರಲ್ಲ.

ಹೋದ ಶುಕ್ರವಾರ ಮಗಳಿಗೆ ಶೂ ಕೊಡಿಸಲೆಂದು ಇಲ್ಲೇ ಕುವೈತಿನ ಎಗೈಲಾದ ಮಾಲಿಗೆ ಹೋಗಿದ್ದೆ. ಅಲ್ಲೊಂದು ಬರ್ಗರ್ ಅಂಗಡಿ ಹೊಸದಾಗಿ ಸಿದ್ಧವಾಗುತ್ತಿತ್ತು. ಅರ್ಧ ಇಳಿಸಿದ ಶಟರಿನ ಕೆಳಗಿನಿಂದ ಅಂಟಿನ ವಾಸನೆ ಬಂತು. ಹುಳಿ ಬಂದ ಮೈದಾಹಿಟ್ಟಿಗೆ ಹೊಸ ಪ್ಲಾಸ್ಟಿಕ್ಕು ಬೆರೆಸಿದಂಥ ವಾಸನೆ. ಬಗ್ಗಿ ನೋಡಿದರೆ ಇಬ್ಬರು ಏಣಿಯ ಮೇಲೆ ನಿಂತು ಗೋಡೆಗೆ ಒಂದು ಜಲಪಾತವನ್ನು ಹಚ್ಚುತ್ತಿದ್ದಾರೆ. ಮೇಲಿನರ್ಧ ಅಂಟಿದೆ, ಕೆಳಗಿನರ್ಧ ಇನ್ನೂ ಸುರುಳಿಯಲ್ಲಿದೆ. ನನ್ನ ನಾಲಿಗೆ ತಾನಾಗಿ ಆ ಹಲ್ಲಿನ ಬಳಿ ಹೋಯಿತು. ಎಷ್ಟು ಹೊತ್ತು ಹಾಗೆ ಬಗ್ಗಿ ನಿಂತಿದ್ದೆನೋ ಗೊತ್ತಿಲ್ಲ. "ಅಪ್ಪಾ, ಇಟ್ಸ್ ಜಸ್ಟ್ ವಾಲ್‌ಪೇಪರ್. ಕಮ್," ಎಂದಳು ಮಗಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ವಾಲ್‌ಪೇಪರ್ ಎಂಬುದು ನನಗೂ ಗೊತ್ತಿತ್ತು. ಅದಕ್ಕೇ ನಿಂತಿದ್ದು.

ಏಳೆಂಟು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ನಾನು ಮೀನಾ ಅಬ್ದುಲ್ಲಾದಲ್ಲಿ, ರಿಫೈನರಿಯ ಪಕ್ಕದ ಒಂದು ಗುತ್ತಿಗೆ ಕಂಪನಿಯ ಕ್ಯಾಂಪಿನಲ್ಲಿ ವೆಲ್ಫೇರ್ ಆಫೀಸರ್ ಆಗಿ ಹೊಸದಾಗಿ ಸೇರಿದ್ದೆ. ಕಾರ್ಮಿಕ ಕ್ಷೇಮಪಾಲನೆ ಎಂದರೇನೆಂದು ಮೈಸೂರಿನಲ್ಲಿ ಎರಡು ವರ್ಷ ಓದಿ ಪದವಿ ಪಡೆದಿದ್ದೆ. ಕ್ಯಾಂಪಿನಲ್ಲಿ ಅದರ ಅರ್ಥ ಇಷ್ಟೇ: ಮೆಸ್ಸಿನಲ್ಲಿ ಜಗಳವಾದ ಮೇಲೆ ಹೋಗಿ, ನೆಲದ ಮೇಲಿನ ರಕ್ತ ಯಾರದೆಂದು ವಿಂಗಡಿಸಿ, ಫಾರಂ ತುಂಬುವುದು.

ಜೂನ್ ಬಂದರೆ ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಯಾರನ್ನೂ ಬಿಸಿಲಲ್ಲಿ ದುಡಿಸಬಾರದೆಂದು ಇಲ್ಲಿ ಕಾನೂನಿದೆ. ದಯೆಯ ಕಾನೂನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೂರ್ಯ ಹುಟ್ಟುವ ಮೊದಲೇ ಎದ್ದು ಕಾದ ಪೈಪುಗಳ ಜೊತೆ ಗುದ್ದಾಡಿ ಬಂದ ಇನ್ನೂರು ಗಂಡಸರನ್ನು ಒಂದೇ ತಗಡಿನ ಹಾಲಿನಲ್ಲಿ ಐದು ಗಂಟೆ ಕೂಡಿಹಾಕಿದರೆ ಮುಂದೇನು ಎಂಬುದನ್ನು ಕಾನೂನು ಹೇಳುವುದಿಲ್ಲ. ಮೊದಲ ವಾರ ಒಬ್ಬನ ಕಿವಿಗೆ ಇನ್ನೊಬ್ಬ ಸೌಟಿನಲ್ಲಿ ಬಾರಿಸಿದ. ಮೀನಿನ ತಲೆ ಯಾರಿಗೆ ಸೇರಬೇಕೆಂಬುದು ಚರ್ಚೆಯ ವಿಷಯ. ಎರಡನೆಯ ವಾರ ಟೀವಿಯ ರಿಮೋಟಿಗಾಗಿ ಮೂರು ಬೆರಳು ಮುರಿದವು. ಮೂರನೆಯ ವಾರ ಇಬ್ಬರು ಹಲ್ಲು ಉದುರುವಂತೆ ಹೊಡೆದಾಡಿಕೊಂಡು, ವಿಚಾರಣೆಯಲ್ಲಿ ಕಾರಣ ನೆನಪಿಲ್ಲ ಎಂದು ಒಂದೇ ದನಿಯಲ್ಲಿ ಹೇಳಿದರು. ಅವರಿಬ್ಬರೂ ಒಪ್ಪಿದ ಸಂಗತಿ ಅದೊಂದೇ.

ನನ್ನ ಫಾರಮುಗಳು ಕುವೈತ್ ನಗರದ ಮಿರ್ಕಾಬಿನಲ್ಲಿದ್ದ ಹೆಡ್ ಆಫೀಸಿನಲ್ಲಿ ಎತ್ತರಕ್ಕೆ ಬೆಳೆದವು. ಅಲ್ಲಿನ ಎಚ್.ಆರ್. ಮ್ಯಾನೇಜರು ಯಾವುದೋ ತರಬೇತಿಗೆ ಹೋಗಿದ್ದವರು ಜ್ಞಾನೋದಯವಾಗಿ ಮರಳಿದರು. ಊಟದ ಮನೆಯ ಗೋಡೆಗೆ ದೊಡ್ಡ ದೊಡ್ಡ ನಿಸರ್ಗ ದೃಶ್ಯಗಳನ್ನು ಹಚ್ಚಿದರೆ ಉಣ್ಣುವವನ ಸಿಟ್ಟು ಇಳಿಯುತ್ತದಂತೆ. ಎ.ಸಿ. ರಿಪೇರಿ ಮಾಡಿಸಿದರೆ ಇನ್ನೂ ಬೇಗ ಇಳಿದೀತೆಂದು ನಾನು ಫೋನಿನಲ್ಲಿ ಸೂಚಿಸಿದೆ. ಆ ಸೂಚನೆಯನ್ನು ಪರಿಶೀಲಿಸುವುದಾಗಿ ಹೇಳಿ, ಚಿತ್ರಗಳನ್ನು ಆರಿಸುವ ಕೆಲಸವನ್ನು ನನಗೇ ಒಪ್ಪಿಸಿದರು.

ಅಮೆರಿಕದ ರಾಷ್ಟ್ರೀಯ ಉದ್ಯಾನಗಳನ್ನು ಆರಿಸಿದ ಪಾಪ ನನ್ನದೇ. ಹೈಸ್ಕೂಲಿನಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರ ಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು. ಅದರ ವರ್ಷ ಮುಗಿದು ಎಷ್ಟೋ ವರ್ಷವಾಗಿದ್ದರೂ ಮೇಷ್ಟ್ರು ಅದನ್ನು ಇಳಿಸಿರಲಿಲ್ಲ. ಅದರಲ್ಲಿ ಯೊಸೆಮಿಟಿಯ ಜಲಪಾತವಿತ್ತು. ಆನೆಯ ಮೈಬಣ್ಣದ ಒಂದೇ ಬಂಡೆ ಆಕಾಶದವರೆಗೆ. ಅದರ ನೆತ್ತಿಯಿಂದ ನೀರು ಬೀಳುತ್ತದೆ ಎನ್ನುವುದಕ್ಕಿಂತ ಬೀಳಲು ಹೊರಡುತ್ತದೆ ಎನ್ನಬೇಕು, ಅಷ್ಟು ದೂರ. ನಡುದಾರಿಯಲ್ಲಿ ಗಾಳಿ ಅದನ್ನು ಹಿಡಿದು ಪಕ್ಕಕ್ಕೆ ಬಾಗಿಸಿರುತ್ತದೆ. ಕೆಳಗೆ ಹಸಿರು ಹುಲ್ಲು, ಹುಲ್ಲಿನ ನಡುವೆ ಸದ್ದಿಲ್ಲದ ಒಂದು ಹೊಳೆ. ಮೇಷ್ಟ್ರು ಅದನ್ನು ನೋಡಿ ಬರೆಯಿರೆಂದು ಹೇಳಿ ಒಳಗೆ ಹೋಗಿ ಮಲಗುತ್ತಿದ್ದರು. ನಾನು ಬರೆದದ್ದು ಪ್ರತಿಸಲವೂ ಒಣಹಾಕಿದ ಪಂಚೆಯಂತೆ ಕಾಣುತ್ತಿತ್ತು. ಆ ಬಾಕಿ ನನ್ನ ಮನಸ್ಸಿನಲ್ಲಿ ಉಳಿದಿತ್ತು.

ಹಾಗಾಗಿ ಎ.ಸಿ. ಇರುವ ಉತ್ತರದ ಗೋಡೆಗೆ, ನೆಲದಿಂದ ಸೂರಿನವರೆಗೆ, ಆ ಜಲಪಾತ. ಬಾಗಿಲ ಪಕ್ಕಕ್ಕೆ ಗ್ರ್ಯಾಂಡ್ ಕ್ಯಾನ್ಯನ್, ಪದರ ಪದರವಾಗಿ ಕೊರೆದ ಕೆಂಪು ಕಣಿವೆ. ಕೈತೊಳೆಯುವ ತೊಟ್ಟಿಗಳಿರುವ ಗೋಡೆಗೆ ಯೆಲ್ಲೋಸ್ಟೋನ್: ನೀಲಿ, ಅದರ ಸುತ್ತ ಹಸಿರು, ಅದರ ಸುತ್ತ ಹಳದಿ, ಅಂಚಿಗೆ ತುಕ್ಕಿನ ಬಣ್ಣ ಬಳಿದುಕೊಂಡ ಬಿಸಿನೀರಿನ ಬುಗ್ಗೆಯೂ, ಅದರಾಚೆ ನೆಲ ಸೀಳಿಕೊಂಡು ಮರದೆತ್ತರ ಚಿಮ್ಮುವ ಆವಿಯೂ. ಅಡುಗೆಮನೆಯ ಬಾಗಿಲಿರುವ ದಕ್ಷಿಣದ ಗೋಡೆಗೆ ಡೆತ್ ವ್ಯಾಲಿಯ ಮರಳುದಿಬ್ಬಗಳು. ಬೆಳಗಿನ ಓರೆಬಿಸಿಲಲ್ಲಿ ಒಂದೊಂದು ದಿಬ್ಬದ ಏಣೂ ಚಾಕುವಿನ ಅಲಗಿನಂತೆ ಹೊಳೆಯುವ ಅಪೂರ್ವ ಚಿತ್ರ ಅದು. ಕುವೈತಿನಲ್ಲಿ ಕೂತು ಬೇರೆ ದೇಶದ ಮರಳುಗಾಡನ್ನು ತರಿಸಿ ಗೋಡೆಗೆ ಅಂಟಿಸುತ್ತಿದ್ದೇನೆ ಎಂಬುದು, ದೇವರಾಣೆ, ನನಗೆ ಹೊಳೆಯಲಿಲ್ಲ.

ಅಡುಗೆ ಬಡಿಸುವ ಕಿಂಡಿಯ ಮೇಲೆ ಇನ್ನೊಂದು ಚಿತ್ರವಿರಬೇಕಿತ್ತು: ಅಲಾಸ್ಕಾದ ಹೊಳೆಯಲ್ಲಿ ನಿಂತು ಮೀನು ಹಿಡಿದ ಕರಡಿ. ಅದನ್ನು ಮೆಸ್ಸಿನ ಮೇಲ್ವಿಚಾರಕರಾದ ಇದಿನಬ್ಬಾಕ ತಡೆದರು. ಉಪ್ಪಿನಂಗಡಿ ಕಡೆಯ ಬ್ಯಾರಿ. ಇಪ್ಪತ್ತೆರಡು ವರ್ಷದಿಂದ ಅದೇ ಕಿಂಡಿಯ ಹಿಂದೆ ನಿಂತು ಲೋಕವನ್ನು ನೋಡಿದವರು. "ಈ ಕರಡಿಯನ್ನು ನೀವು ನಿಮ್ಮ ಆಫೀಸಿಗೆ ಹಾಕಿಕೊಳ್ಳಿ ಸರ್," ಎಂದರು. "ಮೀನು ಸಾಲದು ಅಂತ ಇಲ್ಲಿ ಈಗಲೇ ಇನ್ನೂರು ಜನ ಹೊಡೆದಾಡ್ತಾರೆ. ಇನ್ನೂರ ಒಂದನೆಯವನು ಬೇಡ ಮಾರಾಯ್ರೆ." ಕರಡಿ ನನ್ನ ಆಫೀಸಿಗೆ ಬಂತು.

ಚಿತ್ರ ಹಚ್ಚಲು ಎರಡು ದಿನ ಹಿಡಿಯಿತು. ಆ ಎರಡು ದಿನ ಅನ್ನ, ದಾಲ್, ಚಹಾ ಎಲ್ಲಕ್ಕೂ ಅಂಟಿನದೇ ರುಚಿ. ಮೂರನೆಯ ದಿನ ಜನ ಬಂದು ನೋಡಿದರು. ಇನ್ನೂರು ಜನ ಬಾಯಿಮುಚ್ಚಿ ನಿಂತದ್ದನ್ನು ನೋಡಿ ಎಚ್.ಆರ್. ಮ್ಯಾನೇಜರ ಮೇಲೆ ನನಗೆ ಭಕ್ತಿ ಹುಟ್ಟಿತು. ಅದು ಬಾಳಿದ್ದು ಅರ್ಧ ನಿಮಿಷ. ರಿಫೈನರಿಯಲ್ಲಿ ದುಡಿಯುವವರ ಕಣ್ಣೇ ಬೇರೆ. ಯೆಲ್ಲೋಸ್ಟೋನಿನ ಆವಿಯನ್ನು ನೋಡಿದ ಒಬ್ಬ ಪೈಪ್ ಫಿಟ್ಟರ್, ಸೇಫ್ಟಿ ವಾಲ್ವ್ ಹಾರಿಹೋಗಿದೆ, ಲೈನ್ ಬಂದ್ ಮಾಡದೆ ಫೋಟೋ ತೆಗೆದವನು ಯಾರು ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡ. ಅದು ಸಾವಿರಾರು ವರ್ಷದಿಂದ ಹಾಗೇ ಇದೆ ಎಂದೆ. ಹಾಗಾದರೆ ಅಲ್ಲಿ ಮೆಂಟೆನೆನ್ಸ್ ನಮ್ಮ ಕಂಪನಿಯದೇ ಇರಬೇಕು ಎಂದ.

ಜಲಪಾತದ ಮುಂದೆ ಮಾತ್ರ ಒಬ್ಬ ಬಹಳ ಹೊತ್ತು ನಿಂತಿದ್ದ. ವೆಲ್ಡರ್ ಸಂಜೀವ. ಬೆಳ್ತಂಗಡಿಯಿಂದಾಚೆ ಘಟ್ಟದ ಬುಡದವನು, ನಲವತ್ತೈದರ ಆಸುಪಾಸು. ಕಿಡಿ ಹಾರಿ ಹಾರಿ ಮುಂಗೈಯೆಲ್ಲ ಸಿಡುಬಿನ ಕಲೆಯಂತಾಗಿತ್ತು. ಮಾತು ಕಡಿಮೆ. ಕೊನೆಗೆ "ನೀರು ಉಂಟು" ಎಂದು ತನಗೆ ತಾನೇ ಹೇಳಿಕೊಂಡು, ಚಿತ್ರದ ಕೆಳಗೇ ಇದ್ದ ತನ್ನ ಕುರ್ಚಿಗೆ ಹೋಗಿ ಕೂತ.

ಆ ಕುರ್ಚಿಯ ವಿಷಯ ಇಲ್ಲೇ ಹೇಳಬೇಕು. ಅದನ್ನು ನಾನು ಮೊದಲೇ ತಿಳಿದುಕೊಂಡಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆ ಮೆಸ್ಸಿನಲ್ಲಿ ಕೂರುವ ಜಾಗವನ್ನು ಯಾರೂ ಕೊಡುತ್ತಿರಲಿಲ್ಲ, ಕಾಲ ಕೊಡುತ್ತಿತ್ತು. ಹೊಸಬ ಬಂದರೆ ಅಡುಗೆಮನೆಯ ಬಾಗಿಲ ಬಿಸಿಯಲ್ಲಿ ಕೂರಬೇಕು. ಮುಂದಿನವರಲ್ಲಿ ಒಬ್ಬ ಎಕ್ಸಿಟ್ ಹೊಡೆಸಿಕೊಂಡು ಶಾಶ್ವತವಾಗಿ ಊರಿಗೆ ಹೋದರೆ ಹಿಂದಿನವರೆಲ್ಲ ಒಂದೊಂದು ಕುರ್ಚಿ ಮುಂದೆ. ಹಾಗೆ ಜರುಗುತ್ತ ಜರುಗುತ್ತ ಎ.ಸಿ.ಯ ಕೆಳಗೆ ಬರುವ ಹೊತ್ತಿಗೆ ಮನುಷ್ಯನ ಮೀಸೆ ನೆರೆತಿರುತ್ತದೆ. ಸಂಜೀವನಿಗೆ ಒಂಬತ್ತು ವರ್ಷ ಹಿಡಿದಿತ್ತು. ಒಂದೊಂದು ಮೇಜಿಗೂ ಬೀಗ ಹಾಕಿದ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಊರಿಂದ ಬಂದ ಮಾವಿನ ಮಿಡಿಯ ಉಪ್ಪಿನಕಾಯಿ, ಒಣಮೀನಿನ ಚಟ್ನಿ, ತಲೆನೋವಿನ ಮಾತ್ರೆ, ಕನ್ನಡಕ, ದೇವರ ಫೋಟೋ. ರೂಮಿನಲ್ಲಿ ಎಂಟೆಂಟು ಜನ ಮೇಲೆ ಕೆಳಗೆ ಮಲಗುವವರಿಗೆ ಮನೆ ಎಂದು ಹೇಳಿಕೊಳ್ಳಲು ಇದ್ದದ್ದು ಆ ಮೇಜು, ಆ ಪೆಟ್ಟಿಗೆ.

ನಿಜವಾದ ಮನೆಯ ಫೋಟೋ ಸಂಜೀವನ ಫೋನಿನಲ್ಲಿತ್ತು. ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಅದರ ನವೀಕರಣದ ಅರ್ಜಿಗೆ ಸಹಿ ಹಾಕಲು ನನ್ನ ಆಫೀಸಿಗೆ ಬಂದಾಗ ತೋರಿಸಿದ. ಕೆಂಪುಕಲ್ಲಿನ ನಾಲ್ಕು ಗೋಡೆ, ಬಾಗಿಲು, ಕಿಟಕಿ, ಮೇಲೆ ಆಕಾಶ. "ಇನ್ನೊಂದು ವರ್ಷ ಸಾರ್, ಸ್ಲ್ಯಾಬ್ ಹಾಕುವವರೆಗೆ," ಎಂದ. "ಮತ್ತೆ ನೀವೇ ಇರು ಅಂದ್ರೂ ನಾನು ಇರುವುದಿಲ್ಲ." ಹೆಂಡತಿ ಮಕ್ಕಳು ಅವಳ ತವರಿನಲ್ಲಿದ್ದರು. ಮಾಡು, ಅಂದರೆ ಸೂರು, ಆದ ಮೇಲೆ ಒಕ್ಕಲು. ಹಿಂದೆ ನೇತುಹಾಕಿದ್ದ ಕರಡಿಯನ್ನು ನೋಡಿ ಅವನು ನಕ್ಕದ್ದು ನೆನಪಿದೆ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಜುಲೈ ಕಾಲಿಟ್ಟಿತು. ಮೊದಲ ದೂರು ಬಂದದ್ದು ಸ್ಕ್ಯಾಫೋಲ್ಡರುಗಳಿಂದ. ಪೈಪು ಕಟ್ಟಿ ಎತ್ತರಕ್ಕೆ ಅಟ್ಟಣೆ ನಿಲ್ಲಿಸುವವರು ಇವರು. ವೆಲ್ಡರಿಗಾದರೂ ಟಾರ್ಪಾಲಿನ ನೆರಳಿರುತ್ತದೆ, ಇವರಿಗೆ ಅದೂ ಇಲ್ಲ. ಹೆಚ್ಚಿನವರು ಹೊಸಬರಾದ್ದರಿಂದ ಅವರ ಮೇಜು ಅಡುಗೆಮನೆಯ ಬದಿಗೆ, ನನ್ನ ಅಪೂರ್ವ ಮರಳುದಿಬ್ಬಗಳಿಗೆ ಎದುರಾಗಿತ್ತು. ಅವರ ಮುಂದಾಳು ಶಂಭು, ಬಿಹಾರದವನು, ಬೊಬ್ಬೆಯೆದ್ದ ಎರಡೂ ಅಂಗೈಗಳನ್ನು ನನ್ನ ಟೇಬಲ್ಲಿನ ಮೇಲೆ ಸಾಕ್ಷ್ಯದಂತೆ ಇಟ್ಟ. "ಸಾಬ್, ದಿನ್ ಭರ್ ರೇತ್. ಖಾನೇ ಮೇಂ ಭೀ ರೇತ್?" ದಿನವಿಡೀ ಮರಳು ನೋಡಿದ್ದು ಸಾಲದೆಂದು ಉಣ್ಣುವಾಗಲೂ ಮರಳೇ ಎಂಬ ಪ್ರಶ್ನೆ. ನಾನು ಆ ಚಿತ್ರದಲ್ಲಿ ಬೆಳಕು ನೆರಳು ಹೇಗೆ ಆಟವಾಡಿವೆಯೆಂದು ವಿವರಿಸಿದೆ. ಶಂಭು ತಾಳ್ಮೆಯಿಂದ ಕೇಳಿ, ಹಾಗಿದ್ದರೆ ಒಂದು ವಾರ ತಾವೇ ನಮ್ಮ ಮೇಜಿನಲ್ಲಿ ಕೂತು ಊಟ ಮಾಡಿ ಎಂದ. ನನಗೆ ಆ ವಾರ ಕಚೇರಿ ಕೆಲಸ ಬಹಳವಿತ್ತು.

ಅವರು ತಟ್ಟೆ ಹಿಡಿದುಕೊಂಡು ಬಂದು ಜಲಪಾತದ ಮುಂದೆ ನಿಂತೇ ಉಣ್ಣತೊಡಗಿದರು. ಕೂತವನ ಬೆನ್ನಿಗೆ ನಿಂತವನ ಮೊಣಕಾಲು. ಒಂದು ದಿನ ಯಾರೋ ಯಾರನ್ನೋ ನೂಕಿದರು, ತಟ್ಟೆ ಹಾರಿತು, ಜಲಪಾತದ ಬುಡದ ಹಸಿರು ಹುಲ್ಲಿಗೆ ಒಂದು ಸೌಟು ದಾಲ್ ಬಡಿಯಿತು. ಅರಿಸಿನದ ಕಲೆ ಹೋಗಲಿಲ್ಲ. ಅದೇ ಸಂಜೆ ಮಿರ್ಕಾಬಿನಿಂದ ಫೋನು: ಕಂಪನಿಯ ಮುದೀರ್, ಅಂದರೆ ಎಲ್ಲರಿಗಿಂತ ಮೇಲಿನವರು, ಮುಂದಿನ ವಾರ ಅತಿಥಿಗಳನ್ನು ಕರೆದುಕೊಂಡು ನಮ್ಮ ಗೋಡೆಗಳನ್ನು ನೋಡಲು ಬರುತ್ತಾರೆ.

ಅಷ್ಟರಲ್ಲಿ ನಾನು ಆ ಉದ್ಯಾನಗಳ ಬಗ್ಗೆ ಬೇಕಾದಷ್ಟು ಓದಿಕೊಂಡಿದ್ದೆ. ಜನ ಮಿತಿಮೀರಿ ನುಗ್ಗುವ ಕಡೆ ಅವರು ಹಗ್ಗ ಕಟ್ಟಿ ದಾರಿ ಮುಚ್ಚುತ್ತಾರೆ, ಹುಲ್ಲು ಚೇತರಿಸಿಕೊಳ್ಳುತ್ತದೆ. ನನ್ನ ಹುಲ್ಲಿಗೆ ಬಿದ್ದದ್ದು ದಾಲ್ ಎಂಬುದೊಂದೇ ವ್ಯತ್ಯಾಸ. ಸ್ಟೋರಿನಿಂದ ಕಪ್ಪು ಹಳದಿ ನೈಲಾನ್ ಹಗ್ಗ ತರಿಸಿ, ಚಿತ್ರದಿಂದ ನಾಲ್ಕು ಅಡಿ ಬಿಟ್ಟು ಈ ಕೊನೆಯಿಂದ ಆ ಕೊನೆಗೆ ನಾನೇ ನಿಂತು ಕಟ್ಟಿಸಿದೆ. ಸಂರಕ್ಷಿತ ಪ್ರದೇಶ, ಯಾರೂ ಒಳಗೆ ಬರಬಾರದು ಎಂದು ಐದು ಭಾಷೆಗಳಲ್ಲಿ ಬೋರ್ಡು ಹಾಕಿಸಿದೆ. ವೆಲ್ಡರುಗಳ ಮೇಜನ್ನು ಎತ್ತಿಸಿ ಕೈತೊಳೆಯುವ ತೊಟ್ಟಿಯ ಬಳಿ ಯೆಲ್ಲೋಸ್ಟೋನಿನ ಕುದಿನೀರಿನ ಮುಂದೆ ಇಡಿಸಿದೆ. ಸ್ಕ್ಯಾಫೋಲ್ಡರುಗಳಿಗೂ ಇಲ್ಲ, ವೆಲ್ಡರುಗಳಿಗೂ ಇಲ್ಲ. ಇದಕ್ಕಿಂತ ನ್ಯಾಯ ಇನ್ನೇನಿದೆ?

ಅಷ್ಟಕ್ಕೆ ಬಿಡದೆ ಭಾಷಣವನ್ನೂ ಮಾಡಿದೆ. ಅಮೆರಿಕದಲ್ಲಿ ಅಂಥ ಜಾಗಗಳಲ್ಲಿ ಒಂದು ಹೂವು ಕೀಳುವಂತಿಲ್ಲ, ಒಂದು ಕಲ್ಲನ್ನು ಜೇಬಿಗೆ ಹಾಕಿಕೊಳ್ಳುವಂತಿಲ್ಲ, ಯಾರೂ ಮನೆ ಕಟ್ಟಿಕೊಂಡು ಕೂರುವಂತಿಲ್ಲ. ಅಲ್ಲಿ ಯಾರದೂ ವಾಸವಿಲ್ಲದ್ದರಿಂದಲೇ ಅದು ಅಷ್ಟು ಚೆಂದ ಉಳಿದಿದೆ ಎಂದು ಹಿಂದಿ, ಕನ್ನಡ, ಇಂಗ್ಲಿಷಿನಲ್ಲಿ ಹೇಳಿದೆ. ತೊಟ್ಟಿಯ ಬಳಿಯಿಂದ ಸಂಜೀವ ಎದ್ದು ನಿಂತ.

"ಮೊದಲು ಇದ್ದವರು ಎಲ್ಲಿಗೆ ಹೋದ್ರು ಸಾರ್?"

"ಮೊದಲು ಯಾರಿದ್ದರು? ಯಾರೂ ಇರಲಿಲ್ಲ."

"ನೀರು ಉಂಟಲ್ಲ ಸಾರ್. ನೀರಿದ್ದ ಕಡೆ ಜನ ಇರದೆ ಇರ್ತಾರಾ?"

ಇದಿನಬ್ಬಾಕ ಕಿಂಡಿಯಿಂದ ಸೌಟು ಬಡಿದು ಅನ್ನ ಆರ್ತದೆ ಎಂದು ಕೂಗಿ ನನ್ನನ್ನು ಪಾರು ಮಾಡಿದರು. ಆಮೇಲೆ ಓದಿದೆ. ಇದ್ದರಂತೆ. ಬಂದೂಕಿನವರು ಬಂದು ಗುಡಿಸಲುಗಳನ್ನೂ ಚಳಿಗಾಲಕ್ಕೆಂದು ಕೂಡಿಟ್ಟ ಕಾಳನ್ನೂ ಸುಟ್ಟು, ಅವರನ್ನು ಅಲ್ಲಿಂದ ಅಟ್ಟಿದ ಮೇಲೆ ಆ ಕಣಿವೆ ನಿಶ್ಶಬ್ದವಾಗಿ ಅಷ್ಟು ಸುಂದರವಾಯಿತಂತೆ. ಡ್ರಾಯಿಂಗ್ ಮೇಷ್ಟ್ರ ಕ್ಯಾಲೆಂಡರಿನಲ್ಲಿ ಈ ವಿವರ ಇರಲಿಲ್ಲ.

ಊಟ ಮುಗಿದ ಮೇಲೆ ಇದಿನಬ್ಬಾಕ ನನ್ನ ಆಫೀಸಿಗೇ ಬಂದರು. ಅವರು ಕಿಂಡಿ ಬಿಟ್ಟು ಬಂದದ್ದೇ ಒಂದು ವಿಶೇಷ. ಕರಡಿಯ ಕೆಳಗೆ ಕೂತು ಹೇಳಿದರು. "ಸಂಜೀವನ ಊರಿನ ಕಾಡೂ ಒಂದು ದಿನ ನ್ಯಾಷನಲ್ ಪಾರ್ಕ್ ಆಯ್ತು ಸರ್. ಅವನ ಮನೆ ಒಳಗಿತ್ತು, ಎಬ್ಬಿಸಿದ್ರು. ಈಗ ಹೊರಗುಂಟು. ಗೋಡೆ ಮಾತ್ರ." ಆಮೇಲೆ, "ಹಗ್ಗ ತೆಗೆಸಿ" ಎಂದರು.

ಮುದೀರ್ ಬಂದು ಹೋಗಲಿ, ಐದೇ ದಿನ, ಮರುದಿನ ನಾನೇ ಬಿಚ್ಚಿಸುತ್ತೇನೆ ಎಂದೆ.

"ಈ ಸೆಕೆಗೆ ಐದು ದಿನ ಸಣ್ಣದಲ್ಲ ಸರ್," ಎಂದು ಎದ್ದು ಹೋದರು.

ಮೂರನೆಯ ದಿನಕ್ಕೆ ಆಯಿತು. ಬೆಳಗ್ಗೆ ಹತ್ತರ ಹೊತ್ತಿಗೆ ವಾಯುವ್ಯದ ಆಕಾಶ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಸಮುದ್ರದ ಕಡೆಯ ಚಿಮಣಿಗಳು ಒಂದೊಂದಾಗಿ ಅಳಿಸಿಹೋದವು. ದೂಳು ಗೋಡೆಯ ಹಾಗೆ ನಡೆದು ಬಂತು; ಬಂದು ಕ್ಯಾಂಪಿನ ತಗಡುಗಳನ್ನು ಹಿಡಿದು ಬಡಿಯತೊಡಗಿತು, ಒಳಗೆ ಯಾರೋ ಸಾಲಗಾರ ಅಡಗಿದ್ದಾನೆ ಎಂಬಂತೆ. ಸೈಟಿನಿಂದ ಬಸ್ಸುಗಳು ಹಗಲಲ್ಲೇ ದೀಪ ಹಚ್ಚಿಕೊಂಡು ಬಂದವು. ಇನ್ನೂರು ಜನ ಕಣ್ಣು ಕಿವಿ ಮೂಗಿನಲ್ಲೆಲ್ಲ ಮರಳು ತುಂಬಿಕೊಂಡು ಮೆಸ್ಸಿಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಹನ್ನೊಂದೂವರೆಗೆ ಎ.ಸಿ. ನಿಂತಿತು. ಒಲೆಗಳು ಮಾತ್ರ ಉರಿಯುತ್ತಿದ್ದವು. ಒಬ್ಬರೂ ಮಾತಾಡಲಿಲ್ಲ. ಆ ಮೌನವನ್ನು ನಾನು ಚಿತ್ರಗಳ ಪ್ರಭಾವವೆಂದು ತಿಳಿದೆ.

ಶಂಭು ತನ್ನ ಮೇಜಿನಿಂದ ಎದ್ದ. ಡೆತ್ ವ್ಯಾಲಿಗೆ ಬೆನ್ನು ಹಾಕಿ, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕುರ್ಚಿ ಎಳೆದುಕೊಂಡು ಇಡೀ ಹಾಲನ್ನು ದಾಟಿ ಬಂದ. ಹಗ್ಗದ ಮೇಲೆ ಕಾಲೆತ್ತಿ ಹಾಕಿ ಒಳಗೆ ಹೋದ. ಕುರ್ಚಿಯನ್ನು ಜಲಪಾತದ ನೇರ ಕೆಳಗೆ, ಸಂಜೀವ ಒಂಬತ್ತು ವರ್ಷ ಜರುಗಿ ಜರುಗಿ ಬಂದು ಮುಟ್ಟಿದ್ದ ಅದೇ ಜಾಗದಲ್ಲಿ ಇಟ್ಟು ಕೂತ. ಅವನ ತರ್ಕದಲ್ಲಿ ದೋಷವಿರಲಿಲ್ಲ. ಯಾರದೂ ಅಲ್ಲ ಎಂದರೆ ಯಾರದಾದರೂ ಆಗಬಹುದು.

ಸಂಜೀವ ಆಗಷ್ಟೇ ಉಪ್ಪಿನಕಾಯಿಗೆಂದು ಪೆಟ್ಟಿಗೆ ಕೈಗೆತ್ತಿಕೊಂಡಿದ್ದ. ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ನಡೆದು ಬಂದು ಹಗ್ಗದ ಈಚೆ ನಿಂತ.

"ಉಠೋ," ಎಂದ.

ಶಂಭು ಅನ್ನ ಕಲಸುತ್ತಲೇ ಬೋರ್ಡಿನ ಕಡೆ ಗಲ್ಲ ತೋರಿಸಿದ. "ಜಗಹ್ ತುಮ್ಹಾರೀ ಹೈ ಕ್ಯಾ? ಬೋರ್ಡ್ ಪಢೋ, ಭಾಯಿ." ಜಾಗ ನಿನ್ನದಾ, ಬೋರ್ಡು ಓದು.

ಸಂಜೀವ ಓದಿದ. ಐದರಲ್ಲಿ ಒಂದು ಕನ್ನಡ. ನಾನೇ ತಪ್ಪಿಲ್ಲದಂತೆ ತಿದ್ದಿಸಿದ್ದೆ. ಆಮೇಲೆ ಹಗ್ಗದ ಮೇಲಿಂದ ಬಗ್ಗಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಶಂಭುವಿನ ನೆತ್ತಿಗೆ ಇಳಿಸಿದ. ಹಗ್ಗವನ್ನು ದಾಟಲಿಲ್ಲ. ನಿಯಮಪಾಲನೆಯ ವಿಷಯದಲ್ಲಿ ಅವನನ್ನು ಯಾರೂ ದೂರುವಂತಿರಲಿಲ್ಲ.

ತಲೆಯ ಮೇಲೆ ತಗಡು ಬಡಿದ ಸದ್ದು ಅಷ್ಟು ದೊಡ್ಡದೇನಲ್ಲ. ಅದಾದ ಮೇಲಿನದು ದೊಡ್ಡದು. ಸ್ಕ್ಯಾಫೋಲ್ಡರುಗಳ ಮೇಜು ಮೇಜಾಗಿಯೇ ಎದ್ದು ಬಂತು; ವೆಲ್ಡರುಗಳು ಬೆಂಚುಗಳನ್ನು ಎತ್ತಿಕೊಂಡರು. ಜಗಳಕ್ಕೆ ಸಂಬಂಧವಿಲ್ಲದ ಪೈಪ್ ಫಿಟ್ಟರುಗಳು ಸಂಬಂಧವಿಲ್ಲ ಎಂಬ ಅವಮಾನವನ್ನು ತಾಳಲಾರದೆ ಸೇರಿಕೊಂಡರು. ಸ್ಟೀಲಿನ ಲೋಟಗಳು ಹಾರಿದವು. ಒಬ್ಬನ ಮುಖವನ್ನು ಇನ್ನೊಬ್ಬ ಗ್ರ್ಯಾಂಡ್ ಕ್ಯಾನ್ಯನ್ನಿನ ಅಂಚಿಗೆ ಒತ್ತಿ ಹಿಡಿದು ಮೊಣಕೈಯಲ್ಲಿ ಕುಟ್ಟುತ್ತಿದ್ದ. ಕುದಿಯುವ ದಾಲಿನ ಪಾತ್ರೆ ಮಗುಚಿ ಇಬ್ಬರ ಪಾದ ಬೆಂದವು. ಚೂರಿ ಹಿಡಿದಿದ್ದ ಒಬ್ಬನ ಕೈಯನ್ನು ಇದಿನಬ್ಬಾಕ ಕಿಂಡಿಯಿಂದಲೇ ಸೌಟಿನಲ್ಲಿ ಹೊಡೆದು ಮುರಿದರು. ಅಡುಗೆಮನೆಯ ಚೂರಿ ಹೊರಗೆ ಹೋಗಬಾರದೆಂಬುದು ಅವರ ಇಪ್ಪತ್ತೆರಡು ವರ್ಷದ ನಿಯಮ. ನಾನು ಒಂದು ಕುರ್ಚಿಯ ಮೇಲೆ ನಿಂತು ದಯವಿಟ್ಟು ಶಾಂತರಾಗಿ ಎಂದು ಮೂರು ಭಾಷೆಗಳಲ್ಲಿ ಹೇಳತೊಡಗಿದೆ. ಎರಡನೆಯ ಭಾಷೆಯ ನಡುವೆ ಲೋಟ ಬಂದು ಬಾಯಿಗೆ ಬಡಿಯಿತು. ಹಲ್ಲನ್ನು ನುಂಗಿದೆನೋ ಉಗುಳಿದೆನೋ ನೆನಪಿಲ್ಲ.

ಸೆಕ್ಯುರಿಟಿಯವರು ದೂಳಿನಲ್ಲಿ ದಾರಿ ಕಾಣದೆ ಗೇಟಿನಲ್ಲೇ ಉಳಿದಿದ್ದರು. ಜಗಳ ನಿಲ್ಲಿಸಿದ್ದು ಅವರಲ್ಲ. ಯಾರನ್ನೋ ಎತ್ತಿ ಎಸೆದದ್ದಕ್ಕೆ ದೊಡ್ಡ ಕಿಟಕಿಯ ಗಾಜು ಒಡೆಯಿತು. ಹೊರಗಿನ ಗಾಳಿ ಮರಳಿನ ಸಮೇತ ಒಳಗೆ ನುಗ್ಗಿತು. ಎರಡು ನಿಮಿಷದಲ್ಲಿ ಎದುರಿಗಿರುವವನ ಮುಖ ಕಾಣದಾಯಿತು. ಇನ್ನೂರು ಜನ ಒಟ್ಟಿಗೆ ಕೆಮ್ಮತೊಡಗಿದರು. ಕೆಮ್ಮುತ್ತ ಹೊಡೆದಾಡುವುದು ಮನುಷ್ಯಮಾತ್ರರಿಂದ ಆಗದು. ಒಬ್ಬೊಬ್ಬರೇ ಕೂತರು. ನಿಸರ್ಗವು ಮನುಷ್ಯನನ್ನು ಶಾಂತಗೊಳಿಸಿದ್ದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ.

ದೂಳು ಇಳಿದ ಮೇಲೆ ನೋಡಿದೆ. ಹಗ್ಗ ಹಾಗೇ ಬಿಗಿಯಾಗಿತ್ತು. ಪೆಟ್ಟಿಗೆ ಬಾಯಿಬಿಟ್ಟು, ಉಪ್ಪಿನಕಾಯಿಯ ಎಣ್ಣೆ ಜಲಪಾತದ ನಡುವಿನಿಂದ ಬುಡದವರೆಗೆ ಕೆಂಪಗೆ ಇಳಿದಿತ್ತು. ಅದರಲ್ಲಿ ಶಂಭುವಿನದೆಷ್ಟು, ಮೆಣಸಿನದೆಷ್ಟು ಎಂದು ವಿಂಗಡಿಸುವ ನನ್ನ ವಿದ್ಯೆ ಅಂದು ಕೈಕೊಟ್ಟಿತು. ಸಂಜೀವ ಹಗ್ಗದ ಈಚೆ ನೆಲದ ಮೇಲೆ ಕೂತು, ಶಂಭುವಿನ ತಲೆಯನ್ನು ಹಗ್ಗದ ಕೆಳಗಿನಿಂದ ತನ್ನ ತೊಡೆಗೆ ಎಳೆದುಕೊಂಡು ಗಾಯಕ್ಕೆ ತನ್ನ ಬನಿಯನ್ನನ್ನು ಒತ್ತಿ ಹಿಡಿದಿದ್ದ.

ಮರುದಿನ ಮಧ್ಯಾಹ್ನ, ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಶಂಭು ಬಂದ. ನಾನು ಬಾಯಿಗೆ ಹತ್ತಿ ಕಚ್ಚಿಕೊಂಡು ಫಾರಂ ತುಂಬುತ್ತಿದ್ದೆ. ಚೆಲ್ಲಿದ ದಾಲಿನ ಮೇಲೆ ಕಾಲು ಜಾರಿ ಪೆಟ್ಟಿಗೆಯ ಮೇಲೆ ಬಿದ್ದೆ, ಹಾಗೆ ಬರೆಯಿರಿ ಎಂದ. ಪೆಟ್ಟಿಗೆ ಮೇಲಿಂದ ಬಂತಲ್ಲ ಎಂದೆ. ನೆತ್ತಿಯ ಮೇಲೆ ಬೀಳುವುದು ಕಷ್ಟ ಎಂಬುದನ್ನು ಅವನೂ ಒಪ್ಪಿದ. ಆದರೂ ಹಾಗೇ ಬರೆಯಿರಿ, ಹೊಡೆದವನನ್ನು ಕಂಪನಿ ಉಳಿಸಿಕೊಳ್ಳುವುದಿಲ್ಲ, ಅವನ ಮನೆಗೆ ಇನ್ನೂ ಮಾಡು ಇಲ್ಲ ಎಂದ. ಆ ಮನೆಯ ಫೋಟೋವನ್ನು ಸಂಜೀವ ಅವನಿಗೂ ತೋರಿಸಿದ್ದನಂತೆ. ಹೋಗುವಾಗ ಬಾಗಿಲಲ್ಲಿ ನಿಂತು, ಜಗಳ ನಮ್ಮಿಬ್ಬರದು ಸಾಬ್, ಹಗ್ಗ ನಮ್ಮದಲ್ಲ ಎಂದು ಹಿಂದಿಯಲ್ಲಿ ಹೇಳಿದ.

ನಾನು ಸುಳ್ಳು ಬರೆಯುವವನಲ್ಲ. ಯಾರು ಹೊಡೆದರು: ಸಂಜೀವ. ಯಾರಿಗೆ: ಶಂಭುವಿಗೆ. ಯಾವುದರಿಂದ: ತಗಡಿನ ಪೆಟ್ಟಿಗೆ. ಕಾರಣ: ಕೂರುವ ಜಾಗದ ವಿಚಾರ. ಎಲ್ಲವೂ ನಿಜ. ಲಕೋಟೆಗೆ ಹಾಕುವಾಗ ಇದಿನಬ್ಬಾಕ ಬಂದರು.

"ಹಗ್ಗದ ವಿಷಯ ಬರೆದಿರಾ ಸರ್?"

"ಫಾರಮಿನಲ್ಲಿ ಅದಕ್ಕೆ ಕಾಲಂ ಇಲ್ಲ ಇದಿನಬ್ಬಾಕ."

ಅವರು ಹಾಳೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. "ಬದಿಯಲ್ಲಿ ಬರೀಬಹುದಿತ್ತು. ಬೇಕಾದಷ್ಟು ಜಾಗ ಉಂಟು," ಎಂದು ಹೇಳಿ ಹಾಳೆಯನ್ನು ನನ್ನ ಕೈಗೇ ಕೊಟ್ಟರು.

ಬರೆಯಲಿಲ್ಲ. ಆ ತಿಂಗಳು ನನ್ನ ಇಕಾಮಾವೂ ನವೀಕರಣಕ್ಕೆ ಹೋಗಿತ್ತು. ಅದನ್ನು ಕಾರಣವೆಂದು ಹೇಳುತ್ತಿಲ್ಲ, ಬದಿಯಲ್ಲಿ ಬರೆಯುತ್ತಿದ್ದೇನೆ.

ಮಿರ್ಕಾಬಿನಿಂದ ಉತ್ತರ ಬರಲು ಆರು ದಿನ ಹಿಡಿಯಿತು. ಕೊನೆಯ ಕಾಗದಕ್ಕೆ ಸಹಿ ಹಾಕಲು ಸಂಜೀವ ನನ್ನ ಆಫೀಸಿಗೆ ಬಂದ. ನಾನೊಂದು ದೀರ್ಘ ಮಾತನ್ನು ಸಿದ್ಧ ಮಾಡಿಕೊಂಡಿದ್ದೆ. ಅವನು ನಾನು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ, ಪೆನ್ನಿಗೆ ಕ್ಯಾಪು ಹಾಕಿ, "ಹಗ್ಗ ತೆಗೆದ್ರಾ ಸಾರ್?" ಎಂದು ಕೇಳಿದ. ತೆಗೆಸಿದೆ ಎಂದೆ. "ಆಯ್ತು" ಎಂದ. ಸಿದ್ಧ ಮಾಡಿಕೊಂಡ ಮಾತು ಕಟ್ಟಿಸಿದ ಹಲ್ಲಿನ ಹಿಂದೆ ಉಳಿಯಿತು. ನಗ್ಗಿದ ಪೆಟ್ಟಿಗೆಯನ್ನು ಬಡಿದು ನೇರ ಮಾಡಿ, ಅದರ ಕೀಲಿಕೈಯನ್ನು ಅವನು ಶಂಭುವಿಗೆ ಕೊಟ್ಟು ಹೋದನೆಂದು ಆಮೇಲೆ ತಿಳಿಯಿತು.

ಮುದೀರ್ ಬರಲೇ ಇಲ್ಲ. ಎಣ್ಣೆ ಕುಡಿದ ಜಲಪಾತವನ್ನು ಕಿತ್ತುಹಾಕಲು ನೋಡಿದೆವು. ಅಂಟು ಒಳ್ಳೆಯದಿತ್ತು, ಗೋಡೆಯ ಗಾರೆಯೇ ಕಿತ್ತು ಬರತೊಡಗಿದ್ದರಿಂದ ಕೈಬಿಟ್ಟೆವು. ಮೇಜು ಮರಳಿ ತನ್ನ ಜಾಗಕ್ಕೆ ಬಂತು, ಹಿಂದಿನವರು ಒಂದೊಂದು ಕುರ್ಚಿ ಮುಂದೆ ಜರುಗಿದರು.

ಸಂಜೀವನ ಇಕಾಮಾ ರದ್ದಾಗಿ ಆಗಸ್ಟಿನಲ್ಲಿ ಊರಿಗೆ ಹೋದ. ಮರುವರ್ಷ ರಜೆಗೆ ಹೋದ ಇದಿನಬ್ಬಾಕ ಅವನ ಮನೆ ನೋಡಿಕೊಂಡು ಬಂದರು. ಮಾಡಿಗೆ ತಗಡು ಹಾಕಿದ್ದಾನೆ.